ಕಲ್ಲುಗಣಿಯಲ್ಲಿ ಜೋಳ ಬಿತ್ತಿದ ವಿಮಲಾಬಾಯಿ

ಬೀದರಿನಿಂದ ಕಮಠಾಣದ ಕಡೆ ಹೊರಟರೆ ದಾರಿಯ ಎಡಕ್ಕೆ ಕೆಂಪು ಕಲ್ಲಿನ ಬೋಳು ಬಯಲಿನ ಮೇಲೆ ಒಂದು ವಿಶ್ವವಿದ್ಯಾಲಯ ಕಾಣುತ್ತದೆ. ಹೆಸರು ಬೇಡ ಬಿಡಿ. ಅಲ್ಲಿ ಓದಿ ಹೋದವರು ಕುಲಪತಿಗಳ ಹೆಸರನ್ನು ಮರೆತಿದ್ದಾರೆ, ಓದಿದ ವಿಷಯವನ್ನೂ ಅರ್ಧ ಮರೆತಿದ್ದಾರೆ, ಆದರೆ ವಿಮಲಾಬಾಯಿಯ ಕ್ಯಾಂಟೀನಿನ ಚುರುಮುರಿ ಒಗ್ಗರಣೆಯ ಸುಸಲಾ ಮತ್ತು ಮಿರ್ಚಿ ಭಜಿಯನ್ನು ಮರೆತವರನ್ನು ನಾನಂತೂ ಕಂಡಿಲ್ಲ. ಆಕೆಯ ಬೈಗುಳವನ್ನು ಮರೆತವರೂ ಇಲ್ಲ. ತಟ್ಟೆಯಲ್ಲಿ ಸುಸಲಾ ಬಿಟ್ಟು ಎದ್ದ ಹುಡುಗ ಪಿಎಚ್.ಡಿ. ಮಾಡುವವನಾದರೂ ಸರಿ, "ಏ ತಮ್ಮಾ, ನಿಮ್ಮವ್ವ ನಿನಗ ಉಣ್ಣೋದು ಕಲಿಸಿಲ್ಲೇನು?" ಎಂದು ಎಲ್ಲರ ಮುಂದೆ ಕೇಳಿಸಿಕೊಂಡೇ ಹೋಗಬೇಕು.

ಒಳಗೆ ಒಲೆಯ ಮುಂದೆ ಗಂಡ ಶಿವರಾಜಪ್ಪ. ಬಸ್ ಡ್ರೈವರ್ ಆಗಿ ನಿವೃತ್ತನಾದವನು, ತನ್ನ ಪಾಲಿನ ಮಾತನ್ನು ಮದುವೆಯಲ್ಲೇ ಹೆಂಡತಿಗೆ ಧಾರೆಯೆರೆದು ಕೊಟ್ಟವನಂತೆ ಸುಮ್ಮನಿರುವ ಮನುಷ್ಯ. ಭಜಿ ಕರಿಯುತ್ತಾನೆ, ಚಹಾ ಸೋಸುತ್ತಾನೆ, ತೀರ ಅಗತ್ಯ ಬಿದ್ದರೆ ಕೆಮ್ಮುತ್ತಾನೆ. ಆ ಕೆಮ್ಮಿನ ಅರ್ಥ ವಿಮಲಾಬಾಯಿಗೆ ಗೊತ್ತು, ಆದರೆ ಅದರಂತೆ ನಡೆದದ್ದು ಅಪರೂಪ.

ಆಕೆಯ ತವರು ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿ. ಓದಿನಲ್ಲಿ ಚುರುಕಿದ್ದಳು. ಭಾಲ್ಕಿಯಲ್ಲಿ ಹೈಸ್ಕೂಲಿತ್ತು, ಊರಿನಿಂದ ಬಸ್ಸಿತ್ತು, ತಲೆಯಲ್ಲಿ ಬುದ್ಧಿಯೂ ಇತ್ತು. ಇಲ್ಲದ್ದು ಒಂದೇ. ಬೆಳಗಿನ ಬಸ್ಸು ಬೇಗ ತಲುಪುತ್ತಿತ್ತು, ಸಂಜೆಯ ಬಸ್ಸು ತಡವಾಗಿ ಹೊರಡುತ್ತಿತ್ತು. ನಡುವಿನ ಹೊತ್ತಿನಲ್ಲಿ ಒಂದು ಹುಡುಗಿ ಮರ್ಯಾದೆಯಿಂದ ಕೂಡುವ ಜಾಗ ಭಾಲ್ಕಿಯಲ್ಲಿ ಆಕೆಗೆ ಸಿಗಲಿಲ್ಲ. ಒಂದು ದಿನ ಸೋದರಮಾವ ಆಕೆಯನ್ನು ಬಸ್‌ಸ್ಟ್ಯಾಂಡಿನ ಕಂಬಕ್ಕೆ ಒರಗಿ ನಿಂತದ್ದನ್ನು ನೋಡಿದ. ಬೈಯಲಿಲ್ಲ, ಹೊಡೆಯಲಿಲ್ಲ. ಮನೆಗೆ ಬಂದು ಅಕ್ಕನ ಕಿವಿಯಲ್ಲಿ ಒಂದು ಮಾತು ಹೇಳಿದ. ಮರುದಿನದಿಂದ ಸಾಲಿ ಬಂದ್. ಇಷ್ಟು ವರ್ಷವಾದರೂ ವಿಮಲಾಬಾಯಿಗೆ ಆ ಮಾವನಿಗಿಂತ ಆ ಕಂಬದ ಮೇಲೆ ಸಿಟ್ಟು ಹೆಚ್ಚು.

ವಿಶ್ವವಿದ್ಯಾಲಯದ ಬಯಲು ಆ ಬಸ್‌ಸ್ಟ್ಯಾಂಡಿಗಿಂತ ಕಡೆಯಾಗಿತ್ತು. ಕಟ್ಟಡಗಳು ಚೆಂದ, ರಸ್ತೆಗಳು ಅಗಲ, ದೀಪದ ಕಂಬಗಳು ಸಾಲುಸಾಲು. ಒಂದು ಗಿಡ ಇರಲಿಲ್ಲ. ಎಲ್ಲಿ ಗುದ್ದಲಿ ಹಾಕಿದರೂ ಠಣ್ ಎಂದು ಕಲ್ಲು ಮಾತಾಡುತ್ತಿತ್ತು. ಗಂಡುಹುಡುಗರಿಗೆ ಚಿಂತೆಯಿಲ್ಲ, ಬೈಕೇ ಅವರ ಕಟ್ಟೆ, ಬೈಕೇ ಅವರ ಮಂಚ. ಹಾಸ್ಟೆಲಿನ ಹುಡುಗಿಯರು ಕೋಣೆಗೆ ಓಡುತ್ತಿದ್ದರು. ಊರುಗಳಿಂದ ಬಸ್ಸಿನಲ್ಲಿ ಬರುವ ಹುಡುಗಿಯರು ಮಾತ್ರ ಮಧ್ಯಾಹ್ನದ ಬಿಸಿಲಿನಲ್ಲಿ ನೆರಳಿನ ಹಿಂದೆ ಸರಿಯುತ್ತ ಸರಿಯುತ್ತ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದರು.

ಅವರಲ್ಲೊಬ್ಬಳು ರುಖ್ಸಾರ. ಔರಾದಿನ ಹುಡುಗಿ, ಗಣಿತದ ಎಂ.ಎಸ್ಸಿ. ಬೆಳಿಗ್ಗೆ ಒಂದು ಕ್ಲಾಸು, ಆಮೇಲೆ ಇಳಿಹೊತ್ತಿನವರೆಗೆ ಏನೂ ಇಲ್ಲ, ಆಮೇಲೆ ಮತ್ತೊಂದು ಕ್ಲಾಸು. ಆ ಖಾಲಿ ಹೊತ್ತನ್ನು ಆಕೆ ಜನರೇಟರ್ ಕೋಣೆಯ ಮೆಟ್ಟಿಲ ಮೇಲೆ, ತಲೆಯ ಮೇಲೆ ಓಢಣಿ ಎಳೆದುಕೊಂಡು, ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು ಕಳೆಯುತ್ತಿದ್ದಳು. ಕ್ಯಾಂಟೀನಿನ ಬೆಂಚು ಹುಡುಗರಿಂದ ತುಂಬಿರುತ್ತಿತ್ತು. ವಿಮಲಾಬಾಯಿ ಕರೆದರೂ "ಬ್ಯಾಡ್ರಿ ಕಾಕು, ಇಲ್ಲೇ ಆರಾಮ ಅದ" ಎನ್ನುತ್ತಿದ್ದಳು. ಆ ಆರಾಮದಲ್ಲಿ ಆಕೆಯ ಮುಖ ಕಾದ ತವೆಯಂತೆ ಕೆಂಪಾಗಿರುತ್ತಿತ್ತು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಆಕೆಯ ತಂದೆ ಜಹೀರೋದ್ದೀನ ಹೇಳದೆ ಕೇಳದೆ ಬಂದ. ಔರಾದಿನ ಪೇಟೆಯಲ್ಲಿ ಅವನದು ಹೊಲಿಗೆ ಅಂಗಡಿ. ಬೀದರಿಗೆ ಬಟ್ಟೆ ತರಲು ಬಂದವನು ಮಗಳನ್ನು ನೋಡಿ ಹೋಗೋಣವೆಂದು ಬಂದಿದ್ದ. ನೋಡಿದ. ಮಗಳು ಜನರೇಟರಿನ ಮೆಟ್ಟಿಲ ಮೇಲೆ, ಸುತ್ತ ಬೈಕುಗಳ ಮೇಲೆ ಗಂಡುಹುಡುಗರ ಹಿಂಡು. ಅವರು ಯಾರೂ ಆಕೆಯ ಕಡೆ ನೋಡುತ್ತಿರಲಿಲ್ಲ, ಅದು ಬೇರೆ ಮಾತು. ಜಹೀರೋದ್ದೀನ ಅಲ್ಲಿಂದಲೇ ತಿರುಗಿದ. ಕ್ಯಾಂಟೀನಿಗೆ ಬಂದು ಒಂದು ಕಪ್ ಚಹಾ ತೆಗೆದುಕೊಂಡು ಕುಡಿಯದೆ ಹಿಡಿದುಕೊಂಡು ನಿಂತ.

"ನನ್ನ ಮಗಳ ಮ್ಯಾಲ ನನಗ ಪೂರಾ ಭರೋಸಾ ಅದ್ರಿ ಬಾಯಿ," ಅಂದ. "ಆದ್ರ ಕುಂದರ್ಲಿಕ್ಕ ಜಾಗಾನೇ ಇಲ್ಲದಲ್ಲಿ ಹೆಣ್ಣುಮಗಳಿಗಿ ಹ್ಯಾಂಗ ಬಿಡ್ಲಿ? ನಮ್ಮ ಮೊಹಲ್ಲಾದಾಗ ಮಂದಿ ಕೇಳ್ತಾರ. ಈ ವರ್ಷದ ಪರೀಕ್ಷಾ ಬರೀಲಿ. ಮುಂದಿನ ವರ್ಷ ಬ್ಯಾಡ."

ವಿಮಲಾಬಾಯಿಯ ಎದೆಯಲ್ಲಿ ಭಾಲ್ಕಿಯ ಬಸ್‌ಸ್ಟ್ಯಾಂಡಿನ ಕಂಬ ನೆಟ್ಟಗೆ ಎದ್ದು ನಿಂತಿತು. ಆಮೇಲೆ ಆಡಿದ ಮಾತು ಆಕೆ ಯೋಚಿಸಿ ಆಡಿದ್ದಲ್ಲ.

"ಭಾಯಿ, ಯಳ್ಳಮಾಸಿ ತನಕ ಆಕಿಗಿ ಬಿಡಸಬ್ಯಾಡ್ರಿ. ಯಳ್ಳಮಾಸಿ ದಿನಾ ನೀವು ಇಲ್ಲಿಗಿ ಊಟಕ್ಕ ಬರ್ರಿ. ನಿಮ್ಮ ಮಗಳಿಗಿ ಹಸರು ನೆಳ್ಳಾಗ ಕುಂದರಿಸಿ ನಿಮ್ಮ ಕಣ್ಣ ಮುಂದ ಉಣಸ್ತೇನಿ. ಆಗಲಿಲ್ಲಂದ್ರ ಅವತ್ತೇ ಕರ್ಕೊಂಡು ಹೋಗ್ರಿ, ನಾ ಒಂದ ಮಾತೂ ಆಡಂಗಿಲ್ಲ."

ಒಳಗಿಂದ ಶಿವರಾಜಪ್ಪ ಕೆಮ್ಮಿದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬೇಡ ಎಂಬುದು ಆ ಕೆಮ್ಮಿನ ಅರ್ಥ. ಹೊಲಿಗೆಯವನು ಎದುರಿಗೇ ನಿಂತಿದ್ದ, ಕುಲಾವಿಗೆ ಅಳತೆಯನ್ನೂ ಕೊಟ್ಟಾಗಿತ್ತು. ಜಹೀರೋದ್ದೀನ ಸ್ವಲ್ಪ ಹೊತ್ತು ಆಕೆಯ ಮುಖ ನೋಡಿ, "ಆಯ್ತು, ಯಳ್ಳಮಾಸಿ ತನಕ," ಎಂದು ತಣ್ಣಗಾದ ಚಹಾ ಒಂದೇ ಗುಟುಕಿಗೆ ಕುಡಿದು ಹೋದ.

ಬೀದರ ಸೀಮೆಯಲ್ಲಿ ಯಳ್ಳಮಾಸಿ, ಅಂದರೆ ಎಳ್ಳಮಾವಾಸ್ಯೆ, ಬಂತೆಂದರೆ ಊರು ಖಾಲಿ, ಹೊಲ ಭರ್ತಿ. ಜೋಳ ಹೊಡೆ ತುಂಬಿ ನಿಂತ ಹೊತ್ತಿನಲ್ಲಿ ಹೊಲವೆಂದರೆ ಬಸುರಿ ಹೆಣ್ಣು, ಆಕೆಗೆ ಬಯಕೆಯ ಊಟ. ಹಸಿ ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ, ಹೋಳಿಗೆ ಬುಟ್ಟಿಯಲ್ಲಿ ಹೊತ್ತು ಹೋಗಿ ಮೊದಲು ಅದರಲ್ಲೇ ಒಂದು ಪಾಲನ್ನು ಭೂಮಿಗೆ ಚರಗವೆಂದು ಚೆಲ್ಲಿ, ಆಮೇಲೆ ತಾವು ಉಣ್ಣುತ್ತಾರೆ. ಹೊಲವಿಲ್ಲದವರನ್ನು ಇದ್ದವರು ಕರೆಯುತ್ತಾರೆ, ಯಾವ ಜಾತಿ ಯಾವ ಧರ್ಮ ಎಂದು ಕೇಳುವುದಿಲ್ಲ. ಆ ದಿನ ಊಟಕ್ಕೆ ಕರೆದರೆ ಒಲ್ಲೆ ಎನ್ನುವ ರೂಢಿಯೂ ಇಲ್ಲ. ಅಂಥ ದಿನದ ಮೇಲೆ ಆಣೆ ಇಟ್ಟಾಗಿತ್ತು.

ಮೊದಲ ಮಳೆ ಬಿದ್ದದ್ದೇ ವಿಮಲಾಬಾಯಿ ತವರಿಗೆ ಹೇಳಿಕಳಿಸಿ ಬೇವು, ಹೊಂಗೆ, ಬಾದಾಮಿ ಸಸಿಗಳನ್ನು ಟೆಂಪೋದಲ್ಲಿ ತರಿಸಿದಳು. ತೋಟಗಾರಿಕೆಯ ಹುಡುಗರು "ಇಲ್ಲಿ ಕಲ್ಲದ್ರಿ ಕಾಕು, ಬಾಳ ಆಳ ತೆಗೀಬೇಕು" ಅಂದರೆ ಕೇಳಲಿಲ್ಲ. "ನಾ ಖಟಕ ಚಿಂಚೋಳಿ ಒಕ್ಕಲಗಿತ್ತಿ. ನನಗ ಗಿಡಾ ಹಚ್ಚೋದು ಹೇಳಿಕೊಡ್ತೀರೇನು? ನಮ್ಮಲ್ಲಿ ಮೊಳಕಾಲುದ್ದ ತೆಗದು ಕಟಗಿ ಚುಚ್ಚಿದ್ರೂ ಚಿಗೀತದ!" ಎಂದು ಅಬ್ಬರಿಸಿ, ತಾನೇ ಮುಂದೆ ನಿಂತು ಕಲ್ಲಿನಲ್ಲಿ ಮೊಳಕಾಲುದ್ದದ ಗುಂಡಿ ತೆಗೆಸಿದಳು. ಅದು ಭಾಲ್ಕಿಯ ಕರಿ ಮಣ್ಣಿನ ಲೆಕ್ಕ. ಬೀದರಿನ ಕೆಂಪು ಕಲ್ಲಿಗೆ ಆ ಲೆಕ್ಕ ಗೊತ್ತಿರಲಿಲ್ಲ. ಜುಲೈ ಮಳೆಗೆ ಗುಂಡಿಗಳೆಲ್ಲ ಒರಳಿನಂತೆ ನೀರು ತುಂಬಿಕೊಂಡು ನಿಂತವು, ಬೇರು ಕೊಳೆತವು. ಉಳಿದವು ಮಳೆ ಬಿಟ್ಟ ವಾರಕ್ಕೇ ಒಣಗಿ ಕಡ್ಡಿಯಾದವು. ಗಣೇಶ ಚೌತಿಯ ಹೊತ್ತಿಗೆ ಬಯಲಿನಲ್ಲಿ ಸಾಲಾಗಿ ನಿಂತ ಕಡ್ಡಿಗಳು ಊದುಬತ್ತಿಯ ಹಾಗೆ ಕಾಣುತ್ತಿದ್ದವು. ಬೈಕಿನ ಹುಡುಗರು ಅದಕ್ಕೆ ವಿಮಲಾ ವನ ಎಂದು ಹೆಸರಿಟ್ಟರು. ಆಕೆಗೆ ಎಲ್ಲ ಕೇಳಿಸುತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಎಂದು ಯಾರಿಗೆ ಹೇಳುವುದು? ಒಂದು ಸಂಜೆ ಪಾತ್ರೆ ತೊಳೆಯುತ್ತ ಅತ್ತೇಬಿಟ್ಟಳು. ಶಿವರಾಜಪ್ಪ ಕೆಮ್ಮಲೂ ಇಲ್ಲ, ಪಕ್ಕಕ್ಕೆ ಕೂತು ತಾನೂ ಪಾತ್ರೆ ತಿಕ್ಕಿದ.

ಇನ್ನೊಂದು ಚಿಂತೆ ಬೇರೆ ಶುರುವಾಗಿತ್ತು. ಮಧ್ಯಾಹ್ನದ ಹೊತ್ತಿನಲ್ಲಿ ರುಖ್ಸಾರ ಜನರೇಟರಿನ ಮೆಟ್ಟಿಲ ಮೇಲೆ ಕಾಣಿಸುತ್ತಿರಲಿಲ್ಲ. ಆಕೆಯ ಜೊತೆ ನಿಲ್ಲುತ್ತಿದ್ದ ಹುಡುಗಿಯರೂ ಇಲ್ಲ. ಕ್ಲಾಸಿನ ಹೊತ್ತಿಗೆ ಸರಿಯಾಗಿ ಎಲ್ಲಿಂದಲೋ ಬರುತ್ತಿದ್ದರು, ಸಲ್ವಾರಿನ ಅಂಚಿಗೆ ಕೆಂಪು ಧೂಳು. ದಸರೆಯ ಮುಂಚಿನ ಒಂದು ದಿನ ವಿಮಲಾಬಾಯಿ ಸೌಟು ಗಂಡನ ಕೈಗೆ ಕೊಟ್ಟು ಹಿಂದೆಯೇ ಹೊರಟಳು.

ಹುಡುಗಿಯರು ಗ್ರಂಥಾಲಯದ ಹಿಂದೆ ಹೋಗಿ ಬಳ್ಳಾರಿ ಜಾಲಿಯ ಪೊದೆಯಲ್ಲಿ ತೂರಿದರು. ಅದರಾಚೆ ಹಳೆಯ ಕಲ್ಲುಗಣಿ. ವಿಶ್ವವಿದ್ಯಾಲಯ ಹುಟ್ಟುವ ಎಷ್ಟೋ ಮುಂಚೆ ಮನೆ ಕಟ್ಟಲು ಕಲ್ಲು ಕೊಯ್ದು ಒಯ್ದು ಬಿಟ್ಟುಹೋದ ದೊಡ್ಡ ಗುಂಡಿ. ಸತ್ತ ನಾಯಿ, ಒಡೆದ ಕುರ್ಚಿ ಎಸೆಯುವ ಜಾಗವೆಂದು ಯಾರೂ ಅತ್ತ ಸುಳಿಯುತ್ತಿರಲಿಲ್ಲ. ವಿಮಲಾಬಾಯಿ ಅಂಚಿಗೆ ಬಂದು ಬಗ್ಗಿ ನೋಡಿದಳು. ಮೇಲಿನಿಂದ ಪೊದೆಯೆಂದು ಕಂಡಿದ್ದರ ಕೆಳಗೆ ಒಂದು ಅತ್ತಿಮರ. ಗೋಡೆಯ ಬಿರುಕಿನಲ್ಲಿ ಬೇರೂರಿ, ಎರಡಾಳುದ್ದ ಗುಂಡಿಯಲ್ಲಿ ಬೆಳೆದು, ತಲೆಯನ್ನಷ್ಟೇ ನೆಲದ ಮಟ್ಟಕ್ಕೆ ಎತ್ತಿತ್ತು. ಅದರ ಕೆಳಗೆ ಒದ್ದೆ ನೆಲ, ಹುಲ್ಲು, ಕೊಯ್ದುಳಿದ ಕಲ್ಲುಗಳು, ಆ ಕಲ್ಲುಗಳ ಮೇಲೆ ನಾಲ್ಕೈದು ಹುಡುಗಿಯರು ರೊಟ್ಟಿ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ರುಖ್ಸಾರ ನುಣುಪಾದ ಕಲ್ಲುಗೋಡೆಯ ಮೇಲೆ ಸೀಮೆಸುಣ್ಣದಿಂದ ಯಾವುದೋ ಲೆಕ್ಕ ಬರೆದು ಅವರಿಗೆ ಹೇಳಿಕೊಡುತ್ತಿದ್ದಳು. ತಲೆಯ ಮೇಲೆ ಓಢಣಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ವಿಮಲಾಬಾಯಿಯನ್ನು ನೋಡಿ ಆಕೆ ಹೆದರಿ ಎದ್ದಳು. "ಕಾಕು, ಅಬ್ಬಾಗ ಹೇಳಬ್ಯಾಡ್ರಿ. ಮ್ಯಾಲ ಸುಡ್ತದ್ರಿ. ಇಲ್ಲಿ ತಣ್ಣಗದ."

"ತಡೀ, ನಾ ಇಳೀತೇನಿ," ಎಂದು ವಿಮಲಾಬಾಯಿ ಸೀರೆ ಎತ್ತಿ ಸಿಕ್ಕಿಸಿ ಜಾರುತ್ತ ಬೀಳುತ್ತ ಇಳಿದಳು. ಕೈಯಿಂದ ನೆಲ ಕೆರೆದು ನೋಡಿದಳು, ಬೆರಳಿಗೆ ತಂಪು ಹತ್ತಿತು. ಮೇಲೆ ತಾನು ಮೂರು ತಿಂಗಳು ಕಲ್ಲಿನ ಜೊತೆ ಜಗಳಾಡಿದ್ದಳು. ಇಲ್ಲಿ ಯಾರೋ ಪುಣ್ಯಾತ್ಮರು ಆ ಕಲ್ಲನ್ನೇ ಎತ್ತಿಕೊಂಡು ಹೋಗಿದ್ದರು. ಆಕೆಗೆ ನಗು ತಡೆಯಲಾಗಲಿಲ್ಲ. "ನಿಮ್ಮ ತಲಿ ಇಷ್ಟು ಓಡ್ತದ, ನನಗ ಮೊದಲ ಹೇಳಬಾರದೇನ ಹುಚ್ಚಿಗೋಳಾ!" ಎಂದು ಎಲ್ಲರ ಬೆನ್ನಿಗೂ ಒಂದೊಂದು ಗುದ್ದು ಕೊಟ್ಟಳು.

ಅದೇ ಗುಂಗಿನಲ್ಲಿ ಕುಲಸಚಿವ ಅಮರನಾಥ ಸಾಹೇಬರ ಕೋಣೆಗೆ ನುಗ್ಗಿದಳು. ಕಮಲನಗರದ ಕಡೆಯ ಮನುಷ್ಯ, ಕೆಟ್ಟವರಲ್ಲ. ಕುರ್ಚಿಗೆ ಅಂಜುವವರು, ಅಷ್ಟೇ. ಪೂರ್ತಿ ಕೇಳಿಸಿಕೊಂಡು, "ವಿಮಲಾಬಾಯಿ ಅವ್ರ, ಆ ಖಣಿ ಮುಚ್ಚಲಿಕ್ಕ ತೀರ್ಮಾನ ಆಗ್ಯದ," ಎಂದರು. "ಸಂಕ್ರಾಂತಿ ಆದಮ್ಯಾಲ ಹಳೇ ಗೋದಾಮು ಕೆಡವಿದ ಕಲ್ಲುಮಣ್ಣು ಅದರಾಗ ಸುರೀತಾರ. ಮ್ಯಾಲ ಗಾಡಿ ನಿಲ್ಲಸೋ ಜಾಗಾ ಮಾಡ್ತೇವಿ. ನಾಳಿಗಿ ಒಂದು ಹುಡುಗಿ ಜಾರಿ ಬಿದ್ಲಂದ್ರ ಜವಾಬು ಯಾರು ಕೊಡಬೇಕ್ರಿ?"

ಆ ಪ್ರಶ್ನೆ ಸುಳ್ಳಲ್ಲ, ಆಕೆ ತಾನೇ ಆಗಷ್ಟೇ ಜಾರಿ ಮೊಳಕೈ ತರಚಿಸಿಕೊಂಡು ಬಂದಿದ್ದಳು. ಮೊಳಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, "ಸಂಕ್ರಾಂತಿ ತನಕ ಅದು ಖಾಲಿ ಇರ್ತದಲ್ರಿ ಸಾಹೇಬ್ರ? ಅಲ್ಲಿ ತನಕ ಸ್ವಲ್ಪ ಕಸ ತಕ್ಕೊಂಡು ಸ್ವಚ್ಛ ಮಾಡ್ಕೋತೇವಿ" ಎಂದಳು. ಸ್ವಚ್ಛತೆಗೆ ಯಾವ ಸಾಹೇಬರು ಬೇಡವೆನ್ನುತ್ತಾರೆ? ಅಮರನಾಥರು ತಲೆಯಾಡಿಸಿದರು.

ಎಳ್ಳಮಾವಾಸ್ಯೆ ಬರುವುದು ಸಂಕ್ರಾಂತಿಗಿಂತ ಮುಂಚೆ. ಆಕೆಯ ತಲೆಯಿಂದ ಗಿಡದ ಹುಚ್ಚು ಇಳಿದಿತ್ತು. ಮೂರು ತಿಂಗಳಲ್ಲಿ ಗಿಡ ಬೆಳೆಯುವುದಿಲ್ಲ. ಮೂರು ತಿಂಗಳಲ್ಲಿ ಬೆಳೆಯುವುದು ಹಿಂಗಾರಿ ಜೋಳ.

ಆದರೆ ಗಣಿಯ ತಳದಲ್ಲಿ ತಂಪಿತ್ತೇ ಹೊರತು ಬಿತ್ತುವಷ್ಟು ಮಣ್ಣಿರಲಿಲ್ಲ. ರುಖ್ಸಾರ ಒಂದು ದಾರಿ ಹೇಳಿದಳು. ಬಸ್ಸಿನಲ್ಲಿ ಬರುವವರೆಲ್ಲ ತಮ್ಮ ತಮ್ಮ ಊರಿನಿಂದ ಒಂದೊಂದು ಚೀಲ ಮಣ್ಣು ತಂದರೆ? ದಸರೆಯ ರಜೆ ಮುಗಿಸಿ ಬಂದ ವಿದ್ಯಾರ್ಥಿಗಳು ಪುಸ್ತಕದ ಜೊತೆ ಮಣ್ಣು ಹೊತ್ತು ತಂದರು. ಭಾಲ್ಕಿ ಬಸ್ಸಿನಿಂದ ಕರಿ ಮಣ್ಣು ಇಳಿಯಿತು, ಔರಾದ ಬಸ್ಸಿನಿಂದ ಬೂದು ಮಣ್ಣು, ಕಮಠಾಣದವರಿಂದ ಗೊಬ್ಬರದ ಮಣ್ಣು. ಔರಾದ ಬಸ್ಸಿನ ಕಂಡಕ್ಟರ್ ಮೊದಲ ದಿನ, "ಇದು ಬಸ್ಸೋ, ಒಕ್ಕಲುತನದ ಬಂಡಿಯೋ?" ಎಂದು ಹಾರಾಡಿದ. ವಿಮಲಾಬಾಯಿ ಗೇಟಿಗೆ ಹೋಗಿ ಬಿಸಿ ಮಿರ್ಚಿ ಭಜಿಯ ಪೊಟ್ಟಣ ಕೈಗಿಟ್ಟ ಮೇಲೆ ಮರುದಿನದಿಂದ ಚೀಲ ಇಳಿಸಲು ಅವನೇ ಕೈ ಹಚ್ಚಿದ.

ಬೈಕಿನ ಹುಡುಗರು ಮೊದಲು ಅಂಚಿಗೆ ನಿಂತು ನಕ್ಕರು. ಆಮೇಲೆ ನಗುತ್ತ ನಗುತ್ತಲೇ ಜಾಲಿ ಕಡಿದರು, ಒಡೆದ ಕುರ್ಚಿಗಳನ್ನು ಹೊತ್ತು ಹಾಕಿದರು, ಒಂದು ಬದಿಯಲ್ಲಿ ಕಲ್ಲು ಜೋಡಿಸಿ ಮೆಟ್ಟಿಲು ಮಾಡಿದರು. ಕೆಲಸ ಮಾಡಿಸಿಕೊಳ್ಳುವಾಗಲೂ ವಿಮಲಾಬಾಯಿ ಅವರನ್ನು ಬೈಯುವುದು ಬಿಡಲಿಲ್ಲ, ಬಿಟ್ಟಿದ್ದರೆ ಅವರಿಗೇ ಬೇಸರವಾಗುತ್ತಿತ್ತೇನೋ. ಶಿವರಾಜಪ್ಪ ಕ್ಯಾಂಟೀನಿನ ಪಾತ್ರೆ ತೊಳೆದ ನೀರಿಗೆ ಒಂದು ಪೈಪು ಹಾಕಿ ಗಣಿಗೆ ಇಳಿಬಿಟ್ಟ. ಅತ್ತಿಮರದ ಕೆಳಗೆ ಕೂಡುವ ಜಾಗ ಬಿಟ್ಟು, ಉಳಿದ ಅರ್ಧದಲ್ಲಿ ಜೋಳ ಬಿತ್ತಿದರು. ಗೋಡೆಯ ಬುಡಕ್ಕೆ ಅವರೆ, ಹೀರೆ ಬಳ್ಳಿ ಹಚ್ಚಿದರು. ಸಂಕ್ರಾಂತಿ ಆದಮೇಲೆ ಸುರಿಯುವ ಕಲ್ಲುಮಣ್ಣಿನ ಮಾತನ್ನು ಯಾರೂ ಎತ್ತಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಆದ್ದರಿಂದಲೇ ಎತ್ತಲಿಲ್ಲ.

ಜೋಳ ಎದ್ದಿತು. ನೋಡಿದವರಿಗೆ ನಂಬಿಕೆ ಬರಲಿಲ್ಲ. ದೀಪಾವಳಿಗೆ ಗೇಣೆತ್ತರ, ಛಟ್ಟಿ ಅಮಾವಾಸ್ಯೆಗೆ ಸೊಂಟದೆತ್ತರ. ಅವರೆ ಬಳ್ಳಿ ಗೋಡೆ ಹತ್ತಿ ಅಂಚಿನಾಚೆ ಇಣುಕಿತು. ಮಧ್ಯಾಹ್ನ ಹುಡುಗಿಯರ ಗುಂಪು ದೊಡ್ಡದಾಯಿತು. ಕಲ್ಲುಗೋಡೆಯ ಮೇಲೆ ಗಣಿತದ ಪಕ್ಕದಲ್ಲಿ ರಸಾಯನಶಾಸ್ತ್ರವೂ ಬಂದು ಕೂತಿತು.

ಆದರೆ ಊರ ಬಾಯಿ ಮುಚ್ಚಲು ಯಾವ ಮುಚ್ಚಳವೂ ಸಾಲದು. ಔರಾದಿನಲ್ಲಿ ಯಾರೋ ಜಹೀರೋದ್ದೀನನ ಅಂಗಡಿಗೆ ಬಂದು, "ನಿನ್ನ ಮಗಳು ಕಾಲೇಜಿಗಿ ಹೋಗ್ತಾಳೋ, ಖಣಿಗಿ ಹೋಗ್ತಾಳೋ? ಗುಂಡ್ಯಾಗ ಕುಂದರ್ತಾಳಂತ!" ಎಂದು ಕಿಡಿ ಹಚ್ಚಿ ಹೋದ. ಆ ರಾತ್ರಿ ಮನೆಯಲ್ಲಿ ಏನಾಯಿತೋ, ಬೆಳಿಗ್ಗೆ ರುಖ್ಸಾರಳ ಕಣ್ಣು ಬಾತಿದ್ದವು. "ಕಾಕು, ಯಳ್ಳಮಾಸಿಗಿ ಅಬ್ಬಾ ಬರ್ತಾರ. ಊಟಕ್ಕಲ್ರಿ. ನನಗ ಕರ್ಕೊಂಡು ಹೋಗ್ಲಿಕ್ಕ," ಎಂದಳು.

ವಿಮಲಾಬಾಯಿ ಸೌಟು ಕೆಳಗಿಟ್ಟಳು. ನೇರ ಅಮರನಾಥರ ಮನೆಗೆ ಹೋದಳು. ಬಾಗಿಲು ತೆರೆದದ್ದು ಅವರ ಹೆಂಡತಿ ವಿಜಯಶ್ರೀ. "ಅಕ್ಕೋರ, ಯಳ್ಳಮಾಸಿಗಿ ಯಾವ ಹೊಲಕ್ಕ ಹೊಂಟೀರಿ?" ಎಂದು ಕೇಳಿದಳು.

ವಿಜಯಶ್ರೀಯ ಮುಖ ಸಣ್ಣಗಾಯಿತು. "ಎಲ್ಲಿ ಹೊಲಾರಿ? ಅಣ್ಣತಮ್ಮರು ಪಾಲಾಗಿ ಎಲ್ಲಾ ಮಾರಿದ್ರು. ಹ್ವಾದ ವರ್ಷ ಮನ್ಯಾಗೇ ಕುಂತು ಭಜ್ಜಿ ಉಂಡ್ವಿ. ಸಾಹೇಬ್ರಿಗಿ ಎರಡು ತುತ್ತು ಇಳೀಲಿಲ್ಲ."

"ಹಂಗಾದ್ರ ನಮ್ಮ ಹೊಲಕ್ಕ ಬರ್ರಿ. ದೂರ ಇಲ್ಲ, ಲೈಬ್ರರಿ ಹಿಂದೇ ಅದ."

ಎಳ್ಳಮಾವಾಸ್ಯೆಯ ದಿನ ಬೆಳಿಗ್ಗೆ ಬೀದರ ನಗರ ಬುಟ್ಟಿ ಹೊತ್ತು ಹೊರಟಿತು. ಟಂಟಂ, ಟ್ರ್ಯಾಕ್ಟರ್, ಬೈಕು, ಎಲ್ಲದರ ಮೇಲೂ ಭಜ್ಜಿಯ ಗಡಿಗೆ. ವಿಶ್ವವಿದ್ಯಾಲಯದ ಬೋಳು ಬಯಲಿಗೆ ಆ ದಿನ ಮೊದಲ ಸಲ ಬುಟ್ಟಿಗಳು ಬಂದವು. ಊರಿಗೆ ಹೋಗದೆ ಉಳಿದ ಹಾಸ್ಟೆಲಿನ ಹುಡುಗಿಯರು, ಹುಡುಗರು, ಗುಮಾಸ್ತರು, ಮೇಷ್ಟ್ರುಗಳು, ಔರಾದ ಬಸ್ಸಿನ ಆ ಕಂಡಕ್ಟರ್ ಕೂಡ ಬಂದಿದ್ದ. ಜೋಳದ ನಡುವೆ ಹುಡುಗರು ದಂಟಿನ ಕೊಂಪಿ, ಪುಟ್ಟ ಗುಡಿಸಲು, ಕಟ್ಟಿದ್ದರು, ಒಳಗೆ ಸುಣ್ಣ ಹಚ್ಚಿದ ಐದು ಕಲ್ಲು, ಅವೇ ಪೂಜೆಯ ಪಾಂಡವರು. ಅಮರನಾಥರು ಹೊಸ ಮೆಟ್ಟಿಲು ಇಳಿದು ನೇರ ಜೋಳದ ಸಾಲಿಗೆ ಹೋದರು. ಹೊಡೆ ತುಂಬಿದ ದಂಟನ್ನು ಬೆರಳಿನಿಂದ ಒತ್ತಿ ನೋಡಿದರು. ಕಮಲನಗರದ ಹೊಲದಲ್ಲಿ ಅವರ ಅಪ್ಪ ಒತ್ತಿ ನೋಡುತ್ತಿದ್ದ ಹಾಗೆಯೇ ಇರಬೇಕು.

ಪೂಜೆ ಮುಗಿಯಿತು. ವಿಮಲಾಬಾಯಿ ಚರಗದ ಬುಟ್ಟಿಯನ್ನು ಅಮರನಾಥರ ಮುಂದೆ ಹಿಡಿದಳು. "ಚರಗಾ ಯಜಮಾನರು ಚೆಲ್ಲಬೇಕ್ರಿ. ಈ ಹೊಲಾ ವಿಶ್ವವಿದ್ಯಾಲಯದ್ದು. ಇಲ್ಲಿ ಇದ್ದವರಾಗ ದೊಡ್ಡವರು ನೀವೇ."

ಅವರು ಬುಟ್ಟಿ ತೆಗೆದುಕೊಂಡರು. ಚರಗ ಚೆಲ್ಲುವವನ ಹಿಂದೆ ಒಬ್ಬ ಗಡಿಗೆಯಿಂದ ನೀರು ಚಿಮುಕಿಸುತ್ತ ಹೋಗಬೇಕು. ಆ ಒಬ್ಬ ಯಾರೆಂದು ವಿಮಲಾಬಾಯಿ ಸುತ್ತ ನೋಡುವಷ್ಟರಲ್ಲಿ ಮೆಟ್ಟಿಲ ಮೇಲೆ ಜಹೀರೋದ್ದೀನ ಕಂಡ. ಮುಖ ಬಿಗಿದುಕೊಂಡಿತ್ತು. ಅವನ ಕಣ್ಣು ಮಗಳನ್ನು ಹುಡುಕುತ್ತಿದ್ದವು. ರುಖ್ಸಾರ ಅತ್ತಿಮರದ ಕೆಳಗೆ, ಹುಡುಗಿಯರ ನಡುವೆ, ಎಲೆ ಹಾಕುತ್ತಿದ್ದವಳು ನಿಂತಲ್ಲೇ ನಿಂತಳು. ಹುಡುಗಿಯ ಓದು ಆ ಮೆಟ್ಟಿಲ ಮೇಲೆ ನಿಂತಿತ್ತು, ಅದು ಅಲ್ಲಿದ್ದ ಹುಡುಗಿಯರಿಗೆಲ್ಲ ಗೊತ್ತಿತ್ತು.

ಆಗ ಶಿವರಾಜಪ್ಪ ಬಾಯಿ ಬಿಟ್ಟ. "ಭಾಯಿ, ಹೊತ್ತಿಗಿ ಸರಿಯಾಗಿ ಬಂದ್ರಿ ನೋಡ್ರಿ. ನೀರಿನ ಗಡಿಗಿ ಹಿಡ್ಕೋರಿ. ಚರಗಾ ನಿಂತದ," ಎಂದು ಗಡಿಗೆಯನ್ನು ಅವನ ಕೈಗಿಟ್ಟ.

ಜಹೀರೋದ್ದೀನನ ಅಬ್ಬ, ಅಜ್ಜ ಎಲ್ಲ ಔರಾದಿನ ಹೊಲಗಳಲ್ಲಿ ಎಳ್ಳಮಾವಾಸ್ಯೆ ಉಂಡು ಬೆಳೆದವರು. ಆ ದಿನ ಕೈಗೆ ಬಂದ ಗಡಿಗೆಯನ್ನು ಒಲ್ಲೆನೆನ್ನುವುದು ಅವನಿಗೂ ಗೊತ್ತಿಲ್ಲ. ಅಮರನಾಥರು ಚರಗಕ್ಕೆಂದೇ ಇರುವ ಕಮಲನಗರದ ಕೂಗು ಕೂಗುತ್ತ ಜೋಳದ ಸಾಲಿನಲ್ಲಿ ಭಜ್ಜಿ ರೊಟ್ಟಿ ಚೆಲ್ಲಿದರು. ಹಿಂದೆ ಜಹೀರೋದ್ದೀನ ನೀರು ಚಿಮುಕಿಸುತ್ತ ನಡೆದ. ಹಿಂದಿನಿಂದ ಹುಡುಗರು ತಮ್ಮ ತಮ್ಮ ಊರಿನ ಕೂಗು ಕೂಗಿದರು. ಭಾಲ್ಕಿಯದೊಂದು, ಔರಾದಿನದೊಂದು, ಯಾವುದು ಸರಿ ಎಂದು ಅಲ್ಲೇ ಜಗಳವೂ ಆಯಿತು. ಗಣಿಯ ಗೋಡೆಗಳು ಎಲ್ಲ ಕೂಗನ್ನೂ ಎರಡೆರಡು ಸಲ ಕೂಗಿದವು.

ಒಂದು ಸುತ್ತು ಬಂದು ನಿಂತ ಮೇಲೆ ಅಮರನಾಥರಿಗೆ ತಾವೇನು ಮಾಡಿದೆವೆಂದು ಹೊಳೆಯಿತು. ಖಾಲಿ ಬುಟ್ಟಿ ನೋಡಿದರು, ಒದ್ದೆಯಾದ ನೆಲ ನೋಡಿದರು, ವಿಮಲಾಬಾಯಿಯನ್ನು ನೋಡಿದರು.

"ನೀವು ನನಗ ಊಟಕ್ಕ ಕರದೀರೋ, ಪಂಚಾಯ್ತಿಗಿ ಕರದೀರೋ?"

"ಊಟಕ್ಕೇ ಕರದೇನ್ರಿ ಸಾಹೇಬ್ರ. ಆದ್ರ ಚರಗಾ ಚೆಲ್ಲಿದ ಬಸುರಿ ಹೊಲದ ಮ್ಯಾಲ ಕಲ್ಲು ಸುರುವೋ ಯಜಮಾನ ನಮ್ಮ ಜಿಲ್ಲಾದಾಗ ಯಾವನರ ಅದಾನೇನ್ರಿ?"

"ಇಲ್ಲ," ಎಂದಳು ವಿಜಯಶ್ರೀ. ಗಂಡನಿಗೆ ಉತ್ತರ ಕೊಡಲು ಆಕೆ ಜಾಗವನ್ನೇ ಬಿಡಲಿಲ್ಲ.

ಅಮರನಾಥರು ನಕ್ಕುಬಿಟ್ಟರು. ಸೋತು ನಕ್ಕದ್ದಲ್ಲ, ಬಹಳ ದಿನದ ಮೇಲೆ ಹೊಲದಲ್ಲಿ ನಿಂತ ಒಕ್ಕಲು ಮಗನ ನಗು ಅದು. "ಗಾಡಿ ಗೇಟಿನ ಬಾಜೂಕ ನಿಲ್ತಾವ. ಈ ಖಣಿ ಮುಚ್ಚಂಗಿಲ್ಲ. ಸುತ್ತ ಕಟ್ಟಿ ಆಗ್ಲಿ, ಮೆಟ್ಟಲಿಗಿ ಕೈಪಟ್ಟಿ ಆಗ್ಲಿ, ನಾ ಮಾಡಸ್ತೇನಿ." ಆಮೇಲೆ ಪಕ್ಕದಲ್ಲಿ ಗಡಿಗೆ ಹಿಡಿದು ನಿಂತವನ ಕಡೆ ತಿರುಗಿ, "ಇವರು ಯಾರ ತಂದಿರಿ?" ಎಂದರು. ವಿಮಲಾಬಾಯಿ ಹೇಳಿದಳು. ಅಮರನಾಥರು ಎಲ್ಲರಿಗೂ ಕೇಳುವ ಹಾಗೆ ಅಂದರು: "ನಿಮ್ಮ ಮಗಳು ಇಲ್ಲಿ ಕುಂತು ಓದ್ಲಿ. ಆಕಿ ಹೊಣಿ ನಮ್ಮದು. ಹೊಲದಾಗ ನಿಂತು ಹೇಳಿದ ಮಾತು ಅದ ಇದು."

ಆ ಮಾತು ಹುಸಿಯಾಗಲಿಲ್ಲ. ಈಗ ಹೋಗಿ ನೋಡಿ, ಗಣಿಯ ಸುತ್ತ ಕೆಂಪು ಕಲ್ಲಿನ ಕಟ್ಟೆ, ಒಳಗೆ ನುಗ್ಗೆ, ಅಗಸೆ, ಬಳ್ಳಿಯ ಚಪ್ಪರ, ಅತ್ತಿಮರದ ಕೆಳಗೆ ಕಲ್ಲುಬೆಂಚು. ಅಂಥದೇ ಇನ್ನೊಂದು ಹಳೆಯ ಗುಂಡಿಯನ್ನು ಹುಡುಗರ ಹಾಸ್ಟೆಲಿನ ಹಿಂದೆ ಹಸಿರು ಮಾಡಿದ್ದಾರೆ. ಮೇಲಿನ ಬಯಲಿನಲ್ಲೂ ಕಲ್ಲನ್ನು ಆಳಕ್ಕೆ ಕೊಯ್ದು, ಊರುಗಳ ಮಣ್ಣು ತುಂಬಿ ಬೇವು ನೆಟ್ಟಿದ್ದಾರೆ, ಅವೂ ಚಿಗುರಿವೆ. ಆದರೆ ಆ ದಿನ ಜಹೀರೋದ್ದೀನ ಇನ್ನೂ ಏನೂ ಹೇಳಿರಲಿಲ್ಲ.

ಅವನು ಕೂತ. ಮಗಳೇ ಬಡಿಸಿದಳು. ತಲೆ ತಗ್ಗಿಸಿ ಸಜ್ಜೆ ರೊಟ್ಟಿ, ಭಜ್ಜಿ ಉಂಡ, ಎರಡನೆಯ ಸಲವೂ ಹಾಕಿಸಿಕೊಂಡ, ಅಂಬಲಿ ಕುಡಿದ. ಕಲ್ಲುಗೋಡೆಯ ಮೇಲಿನ ಸೀಮೆಸುಣ್ಣದ ಬರಹವನ್ನು ನೋಡಿ, "ಇದು ಯಾರು ಬರದದ್ದು?" ಎಂದು ಕೇಳಿದ. ಹುಡುಗಿಯರು ರುಖ್ಸಾರಳ ಕಡೆ ಕೈ ತೋರಿಸಿ, "ನಮಗ ಇಕೀನೇ ಟೀಚರ್ ಇದ್ದಂಗ್ರಿ ಚಾಚಾ" ಎಂದರು. ಅವನು ಆ ಬರಹವನ್ನು ತಿಳಿದವನಂತೆ ಬಹಳ ಹೊತ್ತು ನೋಡಿದ. ಆಮೇಲೆ ಟೊಪ್ಪಿ ತೆಗೆದು ಪಕ್ಕಕ್ಕಿಟ್ಟು ಅತ್ತಿಮರದ ಬುಡಕ್ಕೆ ಒರಗಿದವನು ಹಾಗೆಯೇ ನಿದ್ದೆ ಹೋದ. ಮಗಳನ್ನು ಕರೆದೊಯ್ಯಲು ಬಂದ ಮನುಷ್ಯ ಗೊರಕೆ ಹೊಡೆಯುತ್ತಿದ್ದ. ಔರಾದಿಗೆ ಹೋಗುವ ಮಧ್ಯಾಹ್ನದ ಬಸ್ಸು ಹೋಯಿತು, ಅದರ ಮುಂದಿನದೂ ಹೋಯಿತು. ಎಬ್ಬಿಸಲು ಹೊರಟ ರುಖ್ಸಾರಳ ಕೈಯನ್ನು ವಿಮಲಾಬಾಯಿ ಹಿಡಿದು ಕೂಡಿಸಿದಳು. ವಿಮಲಾಬಾಯಿಯ ಕಣ್ಣು ತುಂಬಿದ್ದವು, ಗೆದ್ದ ಖುಷಿಗೆ ತುಂಬಿದ್ದವು, ಅದನ್ನು ಆಕೆ ಯಾರಿಂದಲೂ ಮುಚ್ಚಿಡಲಿಲ್ಲ.

ಬಿಸಿಲು ಇಳಿದ ಮೇಲೆ ಅವನೇ ಗಡಬಡಿಸಿ ಎದ್ದ. ನಾಚಿಕೆಯಿಂದ ಟೊಪ್ಪಿ ಹುಡುಕಿ ಹಾಕಿಕೊಂಡ. ಮಗಳಿಗೆ "ನಿಂದು ನಾಳಿಗಿ ಎಷ್ಟೊತ್ತಿಗಿ ಕ್ಲಾಸ್ ಅದ?" ಎಂದಷ್ಟೇ ಕೇಳಿದ. ಆಮೇಲೆ ಬುಟ್ಟಿ ಕಟ್ಟುತ್ತಿದ್ದ ವಿಮಲಾಬಾಯಿಯ ಹತ್ತಿರ ಬಂದ.

"ಬಾಯಿ, ಇಕಿ ತಂಗಿ ನಾಜಿಯಾ ಈ ವರ್ಷ ಪಿಯುಸಿ ಮುಗಸ್ತಾಳ. ಇಲ್ಲೇ ಬಿ.ಎಸ್ಸಿ. ಅದನ್ರಿ? ಜೂನದಾಗ ಯಾರಿಗಿ ಕೇಳಬೇಕು?"

ವಿಮಲಾಬಾಯಿ ಕಟ್ಟಿದ್ದ ಬುಟ್ಟಿ ಬಿಚ್ಚಿ, ಉಳಿದಿದ್ದ ಭಜ್ಜಿಯನ್ನೆಲ್ಲ ಒಂದು ಡಬ್ಬಿಗೆ ತುಂಬಿ, ಮೇಲೆ ನಾಲ್ಕು ಎಳ್ಳಿನ ಹೋಳಿಗೆ ಇಟ್ಟು, ತನ್ನ ಸೆರಗಿನಿಂದಲೇ ಒರೆಸಿ ಅವನ ಕೈಗೆ ಕೊಟ್ಟಳು.

"ಇದು ನಾಜಿಯಾಗ ಒಯ್ರಿ. ಮುಂದಿನ ವರ್ಷದಿಂದ ಆಕಿ ಇಲ್ಲೇ ಕುಂತು ಬಿಸೀದು ಉಣ್ಣತಾಳ."